ನಾಳೆಯೂ ಬರುವ ಗಿರಾಕಿ

ಮಧ್ಯಾಹ್ನ ಒಂದರ ಸುಮಾರಿಗೆ ವಿಜಯಪುರದ ಗೋಲಗುಮ್ಮಟದ ಆವರಣದಿಂದ ಹೊರಬೀಳುವ ಪ್ರವಾಸಿಗರಿಗೆ ಹಸಿವು ಜೋರಾಗಿರುತ್ತದೆ. ಮಿನಾರಿನೊಳಗಿನ ಕಿರಿದಾದ ಮೆಟ್ಟಿಲು ಹತ್ತಿ ಇಳಿದು ಕಾಲು ಸೋತಿರುತ್ತದೆ, ಪಿಸುಗುಟ್ಟುವ ಗ್ಯಾಲರಿಯಲ್ಲಿ ಕೂಗಿ ಕೂಗಿ ಗಂಟಲು ಒಣಗಿರುತ್ತದೆ. ‘ಇಲ್ಲಿ ಒಳ್ಳೆ ಹೋಟೆಲ್ ಎಲ್ಲಿದೆ?’ ಎಂದು ಕೇಳುತ್ತಾರೆ. ಊರಿನವರು ಮರ್ಯಾದೆಗೆ ಕುಂದು ಬಾರದಂಥ ಜಾಗವನ್ನೇ ತೋರಿಸುತ್ತಾರೆ: ಎ.ಸಿ. ಹಾಕಿದ ಕೋಣೆ, ಪುಟಗಟ್ಟಲೆ ಮೆನು, ಅದರಲ್ಲಿ ಪನೀರ್ ಬಟರ್ ಮಸಾಲಾ, ಗೋಬಿ ಮಂಚೂರಿ, ತಂದೂರಿ ರೋಟಿ. ಆ ಊಟ ಕೆಟ್ಟದ್ದು ಎನ್ನುತ್ತಿಲ್ಲ. ಆದರೆ ಅದು ಆಗ್ರಾದಲ್ಲೂ ಸಿಗುತ್ತದೆ, ಮೈಸೂರಿನಲ್ಲೂ ಸಿಗುತ್ತದೆ. 1490ರಿಂದ 1686ರವರೆಗೆ ಆದಿಲಶಾಹಿಗಳು ಆಳಿದ ರಾಜಧಾನಿಯನ್ನು ನೋಡಲು ದೂರದಿಂದ ಬಂದವರು ಬಿಳಿಜೋಳದ ಸೀಮೆಯಲ್ಲಿ ಇಡೀ ದಿನ ಕಳೆದು, ಒಂದು ತುತ್ತು ಜೋಳದ ರೊಟ್ಟಿ ತಿನ್ನದೆ ಬಸ್ಸು ಹತ್ತುತ್ತಾರೆ. ಅದೂ ಊರಿನವರು ದಿನಾ ರೊಟ್ಟಿ ಉಣ್ಣುವ ಖಾನಾವಳಿಯಲ್ಲಿ ಕೊಡಬೇಕಾದುದಕ್ಕಿಂತ ಹೆಚ್ಚು ದುಡ್ಡು ಕೊಟ್ಟು. ಇದನ್ನು ಪ್ರವಾಸಿಗರ ದುರದೃಷ್ಟವೆಂದು ಬಿಟ್ಟುಬಿಡಬಹುದು. ನನ್ನ ಪ್ರಕಾರ ತಪ್ಪು ನಮ್ಮದು. ಈ ಊರಿನ ಅತ್ಯುತ್ತಮ ಊಟವೇ ಇಲ್ಲಿನ ಅಗ್ಗದ ಊಟವೂ ಹೌದು ಎಂಬುದನ್ನು ನಾವೇ ನಂಬುತ್ತಿಲ್ಲ.

ಒಳ್ಳೆಯದೂ ಅಗ್ಗದ್ದೂ ಒಂದೇ ತಟ್ಟೆಯಲ್ಲಿ ಸಿಗುವುದು ಎಷ್ಟು ಅಪರೂಪ ಎಂದು ತಿಳಿಯಬೇಕಾದರೆ ಇಟಲಿಯ ಕಡೆ ನೋಡಬೇಕು. ವೆನಿಸ್‌ನ ಹಳೆಯ ಊರಿನಲ್ಲಿ 1950ರ ದಶಕದ ಆರಂಭದಲ್ಲಿ ಸುಮಾರು 1.75 ಲಕ್ಷ ಜನ ವಾಸವಾಗಿದ್ದರು. 2022ರಲ್ಲಿ ಆ ಸಂಖ್ಯೆ 50 ಸಾವಿರಕ್ಕಿಂತ ಕೆಳಗೆ ಇಳಿಯಿತು. ಮನೆಗಳು ಲಾಡ್ಜುಗಳಾದವು, ಕಿರಾಣಿ ಅಂಗಡಿಗಳು ಮುಖವಾಡ ಮಾರುವ ಅಂಗಡಿಗಳಾದವು, ಕೂಲಿಯವರೂ ದೋಣಿಯವರೂ ಉಣ್ಣುತ್ತಿದ್ದ ಜಾಗಗಳಲ್ಲಿ ನಾಲ್ಕು ಭಾಷೆಯ ಮೆನು, ಫೋಟೊ ಹಾಕಿದ ಬೋರ್ಡು, ಬಾಗಿಲಲ್ಲಿ ನಿಂತು ಕರೆಯುವ ಮಾಣಿ ಬಂದರು. 2018ರ ಜನವರಿಯಲ್ಲಿ ನಾಲ್ವರು ಜಪಾನೀ ವಿದ್ಯಾರ್ಥಿಗಳ ಒಂದು ಊಟಕ್ಕೆ ಅಲ್ಲಿ 1,100 ಯೂರೋಗೂ ಮಿಕ್ಕಿದ ಬಿಲ್ಲು ಬಂದ ಸುದ್ದಿ ಜಗತ್ತನ್ನೇ ಸುತ್ತಿತು. ಫ್ಲಾರೆನ್ಸ್ ನಗರಾಡಳಿತ 2016ರಲ್ಲಿ ಕಾನೂನಿನ ದಾರಿ ಹಿಡಿಯಿತು. ಹಳೆಯ ಊರಿನೊಳಗೆ ಹೊಸದಾಗಿ ತೆರೆಯುವ ಆಹಾರದ ಮಳಿಗೆಗಳು ಶೇ 70ರಷ್ಟು ಸ್ಥಳೀಯ ಪದಾರ್ಥ ಬಳಸಬೇಕೆಂದು ನಿಯಮ ಮಾಡಿತು. ದೊಡ್ಡ ಚರ್ಚಿನ ಎದುರು ಮೆಕ್‌ಡೊನಾಲ್ಡ್ಸ್ ಅಂಗಡಿಗೆ ಅನುಮತಿ ನಿರಾಕರಿಸಿದ್ದಕ್ಕೆ ಆ ಕಂಪನಿ ಪರಿಹಾರ ಕೇಳಿ ಕೋರ್ಟು ಹತ್ತಿತು. ಕಳೆದುಹೋದುದನ್ನು ನಿಯಮ ಮಾಡಿ ತರಲು ಅವರು ಹೆಣಗುತ್ತಿದ್ದಾರೆ. ಅದು ನಮ್ಮಲ್ಲಿ ಇನ್ನೂ ಯಾರ ಆದೇಶವೂ ಇಲ್ಲದೆ ದಿನಾ ಒಲೆ ಹಚ್ಚುತ್ತಿದೆ.

ಪ್ರವಾಸಿ ಜಾಗದ ಊಟ ದುಬಾರಿಯೂ ನೀರಸವೂ ಆಗುವುದಕ್ಕೆ ಮಾಲೀಕರ ದುರಾಸೆಯೊಂದೇ ಕಾರಣವಲ್ಲ. ಇಂದು ಉಂಡವರು ನಾಳೆ ಬರುವುದಿಲ್ಲ. ಚೆನ್ನಾಗಿ ಬಡಿಸಿದರೂ ಬರುವುದಿಲ್ಲ, ಕೆಟ್ಟದಾಗಿ ಬಡಿಸಿದರೂ ಬರುವುದಿಲ್ಲ. ಹಾಗಿರುವಾಗ ಅಡುಗೆಗೆ ಹಾಕುವ ದುಡ್ಡಿಗಿಂತ ಬೋರ್ಡಿಗೆ ಹಾಕುವ ದುಡ್ಡೇ ಹೆಚ್ಚು ಗಿಟ್ಟುತ್ತದೆ. ಖಾನಾವಳಿಯ ಲೆಕ್ಕ ಇದಕ್ಕೆ ಪೂರ್ತಿ ತಿರುವುಮುರುವು. ಅಲ್ಲಿ ಉಣ್ಣುವವರು ಕಾಲೇಜಿನ ಹುಡುಗರು, ಕಚೇರಿಯ ಗುಮಾಸ್ತರು, ಆಟೊ ಓಡಿಸುವವರು, ಎಪಿಎಂಸಿಗೆ ಮಾಲು ತಂದ ರೈತರು, ಕೋರ್ಟಿಗೆ ಬಂದ ಕಕ್ಷಿದಾರರು. ಎಷ್ಟೋ ಮಂದಿಯದು ತಿಂಗಳ ಲೆಕ್ಕ. ಸೋಮವಾರ ಬದನೆಕಾಯಿ ಪಲ್ಲೆ ಸೀದಿದ್ದರೆ ಮಂಗಳವಾರ ಅದರ ಮಾತು ಕೇಳಬೇಕು. ಎರಡು ವಾರ ಹಾಗೇ ಆದರೆ ಮುಂದಿನ ತಿಂಗಳು ಅವರು ಪಕ್ಕದ ಓಣಿಯ ಖಾನಾವಳಿಗೆ ಹೆಸರು ಬರೆಸುತ್ತಾರೆ. ಇಷ್ಟು ಕಟ್ಟುನಿಟ್ಟಾದ ಪರೀಕ್ಷೆಯನ್ನು ಯಾವ ಇನ್‌ಸ್ಪೆಕ್ಟರೂ ನಡೆಸಲಾರರು, ಯಾವ ಸ್ಟಾರ್ ರೇಟಿಂಗೂ ಕೊಡಲಾರದು. ಬೆಲೆಗೂ ಅದೇ ಲಗಾಮು. ದಿನಾ ಉಣ್ಣುವವರ ಕಿಸೆಗೆ ಎಷ್ಟು ತಾಳುತ್ತದೋ ಅದಕ್ಕಿಂತ ಮೇಲೆ ದರ ಏರಿಸಲು ಬರುವುದಿಲ್ಲ.

ಜೋಳದ ರೊಟ್ಟಿಯ ಸ್ವಭಾವವೂ ಈ ವಾದಕ್ಕೆ ಸಾಕ್ಷಿ ಹೇಳುತ್ತದೆ. ಗೋಧಿ ಹಿಟ್ಟಿನಲ್ಲಿ ತಾನಾಗಿ ಇರುವ ಅಂಟು ಜೋಳದಲ್ಲಿಲ್ಲ. ಕುದಿಯುವ ನೀರು ಹೊಯ್ದು, ಕೈ ಸುಡುವಾಗಲೇ ನಾದಬೇಕು. ನಾದಿದ್ದನ್ನು ಒಣಹಿಟ್ಟಿನ ಮೇಲಿಟ್ಟು, ಅಂಗೈಯಿಂದ ಬಡಿಬಡಿದು, ತಿರುಗಿಸುತ್ತ ತಿರುಗಿಸುತ್ತ ಅಗಲ ಮಾಡಬೇಕು. ಹಂಚಿನ ಮೇಲೆ ಬಿದ್ದ ಕೂಡಲೇ ಒದ್ದೆ ಬಟ್ಟೆಯಿಂದ ಮೇಲ್ಮೈಗೆಲ್ಲ ನೀರು ಸವರಬೇಕು. ನೀರು ಆರುವ ಹೊತ್ತಿಗೆ ಮಗುಚಬೇಕು. ಕೊನೆಗೆ ಬೆಂಕಿಗೆ ಒಡ್ಡಿದಾಗ ಅದು ಉಬ್ಬಬೇಕು. ಹಿಟ್ಟು ಹಳತಾಗಿದ್ದರೆ ಜಿಗಿ ಹೋಗಿರುತ್ತದೆ, ಬಡಿಯುವಾಗಲೇ ರೊಟ್ಟಿ ಅಂಚಿನಿಂದ ಹರಿಯುತ್ತದೆ. ಅಂದರೆ ಮೆತ್ತನೆಯ ಬಿಸಿ ರೊಟ್ಟಿ ಕೊಡಬೇಕಾದವರು ಆಗಾಗ ಹಿಟ್ಟು ಬೀಸಿಸಬೇಕು. ಆಗಾಗ ಬೀಸಿಸಬೇಕಾದರೆ ದಿನಾ ನೂರಾರು ರೊಟ್ಟಿ ಹೋಗಬೇಕು. ವಾರಕ್ಕೆ ಹತ್ತು ರೊಟ್ಟಿ ಕೇಳುವ ಗಿರಾಕಿಗಳನ್ನು ನಂಬಿ ದೊಡ್ಡ ಹೋಟೆಲು ಮೆನುವಿನ ಮೂಲೆಯಲ್ಲಿ ‘ಉತ್ತರ ಕರ್ನಾಟಕ ಥಾಲಿ’ ಎಂದು ಬರೆದುಕೊಂಡರೆ, ಹಿಟ್ಟೂ ಕೈಯೂ ಎರಡೂ ಪಳಗಿರುವುದಿಲ್ಲ. ರೊಟ್ಟಿ ಬಡಿಯುವ ಹೆಣ್ಣುಮಕ್ಕಳ ಕೈಚಳಕ ವರ್ಷಗಟ್ಟಲೆ ದಿನನಿತ್ಯದ ದುಡಿಮೆಯಿಂದ ಬಂದದ್ದು. ನವೆಂಬರಿನಿಂದ ಜನವರಿಯವರೆಗಿನ ಪ್ರವಾಸದ ಹಂಗಾಮಿಗೆಂದು ಬಾಡಿಗೆಗೆ ತರುವಂಥದ್ದಲ್ಲ. ಪನೀರ್ ಎಲ್ಲಿಯಾದರೂ ಫ್ರೀಜರಿನಲ್ಲಿ ಕಾಯುತ್ತದೆ. ರೊಟ್ಟಿಯ ಹಿಟ್ಟು ಕಾಯುವುದಿಲ್ಲ.

ಜೊತೆಗೆ ಬರುವುದನ್ನೂ ನೋಡಿ. ಎಣ್ಣೆಗಾಯಿ, ಮಡಕಿ ಕಾಳಿನ ಪಲ್ಲೆ, ಝುಣಕ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಗಟ್ಟಿ ಮೊಸರು, ಹೆಚ್ಚಿದ ಉಳ್ಳಾಗಡ್ಡಿ, ಚಳಿಗಾಲವಾದರೆ ಹಸಿ ಮೆಂತೆಯ ಎಸಳು, ಹಕ್ಕರಿಕೆ ಸೊಪ್ಪು. ಕೊನೆಗೆ ಅನ್ನ, ಸಾರು, ಮಜ್ಜಿಗೆ. ಇದರಲ್ಲಿ ದೂರದಿಂದ ತರಿಸಬೇಕಾದದ್ದು ಬಹುತೇಕ ಇಲ್ಲ, ಅಂದು ಸಂತೆಯಲ್ಲಿ ಅಗ್ಗವಾಗಿ ಸಿಕ್ಕ ಕಾಯಿಪಲ್ಲೆಯೇ ಅಂದಿನ ಅಡುಗೆ. ಮೆನು ಇಲ್ಲ, ಹಾಗಾಗಿ ಉಳಿದು ಕೆಡುವುದೂ ಕಡಿಮೆ. ಅಗ್ಗಕ್ಕೆ ಕಾರಣ ಕಳಪೆತನವಲ್ಲ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ನಗರ ಬಿಟ್ಟು 20–25 ಕಿ.ಮೀ. ಆಸುಪಾಸಿನ ತಿಕೋಟಾ, ಬಬಲೇಶ್ವರಗಳಿಗೆ ಹೋದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಎರಡೂ ಈಚೆಗೆ ತಾಲ್ಲೂಕು ಕೇಂದ್ರಗಳಾದ ಊರುಗಳು. ತಿಕೋಟಾ ಸುತ್ತಿನದು ದ್ರಾಕ್ಷಿಯ ನೆಲ. ಬೇಸಿಗೆ ಶುರುವಾದರೆ ನೆರಳುಪರದೆಯ ಶೆಡ್ಡುಗಳಲ್ಲಿ ಸಾಲುಸಾಲಾಗಿ ಒಣದ್ರಾಕ್ಷಿ, ಇಲ್ಲಿನವರ ಬಾಯಲ್ಲಿ ಮಣೂಕ, ಒಣಗುತ್ತಿರುತ್ತದೆ. ಬಬಲೇಶ್ವರ ಇರುವುದು ಜಮಖಂಡಿ ರಸ್ತೆಯಲ್ಲಿ. ಇಲ್ಲಿ ಗುಮ್ಮಟ ನೋಡಲು ಬಂದವರು ಯಾರೂ ಊಟಕ್ಕೆ ಇಳಿಯುವುದಿಲ್ಲ. ಖಾನಾವಳಿಯಲ್ಲಿ ಕೂತವರು ದ್ರಾಕ್ಷಿ ಕೊಳ್ಳಲು ಬಂದ ವ್ಯಾಪಾರಿಗಳು, ಲಾರಿ ಚಾಲಕರು, ಪಹಣಿ ತಿದ್ದಿಸಲು ತಹಶೀಲ್ದಾರ್ ಕಚೇರಿಗೆ ಬಂದ ಹಳ್ಳಿಯವರು. ಯಾರನ್ನೂ ಮೆಚ್ಚಿಸುವ ವೇಷವಿಲ್ಲದ ಈ ಊಟ ನಮ್ಮಲ್ಲಿ ಅಳತೆಗೋಲಾಗಬೇಕು. ಗುಮ್ಮಟದ ನೆರಳಿನಲ್ಲಿ ಬಡಿಸುವ ತಟ್ಟೆಯನ್ನು ತಿಕೋಟಾದ ತಟ್ಟೆಯ ಪಕ್ಕದಲ್ಲಿಟ್ಟು ನೋಡಿದರೆ, ನಗರದ ಬಾಡಿಗೆಗೆ ಒಂದಿಷ್ಟು ಬಿಟ್ಟುಕೊಟ್ಟ ಮೇಲೂ ಉಳಿಯುವ ಬೆಲೆಯ ವ್ಯತ್ಯಾಸ ಯಾವುದಕ್ಕಾಗಿ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ.

‘ಅಸಲಿ ಊಟ ಎಂದರೆ ಯಾವುದು? ವಿಜಯಪುರ ರೊಟ್ಟಿಯವರದ್ದು ಮಾತ್ರವೇ?’ ಎಂದು ಯಾರಾದರೂ ಕೇಳಿದರೆ ಆ ಆಕ್ಷೇಪ ನ್ಯಾಯವಾದದ್ದು. ಅಲ್ಲ. ಈ ನಗರವನ್ನು ಕಟ್ಟಿದವರ ಬಾಯಿಗೆ ಇರಾನು, ತುರ್ಕಿ, ದಖ್ಖನ್ ಮೂರರ ರುಚಿಯೂ ಹತ್ತಿತ್ತು. ಮುಸ್ಲಿಂ ಮೊಹಲ್ಲಾಗಳ ಬಿರಿಯಾನಿ, ಖೀಮಾ, ಬೆಳಗಿನ ಚಹಾ ಅಂಗಡಿಗಳು ಇಲ್ಲಿನವೇ. ಸಾವಜಿಯವರ ಖಾರದ ಮಾಂಸದೂಟವೂ ಈ ಸೀಮೆಯದೇ. ಹಳೆಯದು ಎನ್ನುವುದೊಂದೇ ಅಸಲಿತನದ ಗುರುತಾದರೆ ನಮ್ಮ ಖಾನಾವಳಿಯ ತಟ್ಟೆಯೇ ನಿಲ್ಲುವುದಿಲ್ಲ. ಮೆಣಸಿನಕಾಯಿ, ಶೇಂಗಾ ಎರಡೂ ಅಮೆರಿಕ ಖಂಡದಿಂದ ಬಂದವು. ಅವು ಈ ಕಡೆಗೆ ಬಂದದ್ದು ಪೋರ್ಚುಗೀಸರ ಹಡಗಿನ ದಾರಿಯಲ್ಲಿ, ಆ ಪೋರ್ಚುಗೀಸರು 1510ರಲ್ಲಿ ಗೋವಾವನ್ನು ಕಿತ್ತುಕೊಂಡದ್ದು ಆಗ ಬಿಜಾಪುರವಾಗಿದ್ದ ಇದೇ ಊರಿನ ಆದಿಲಶಾಹಿಗಳಿಂದ. ಮೊದಲ ಆದಿಲಶಾಹಿಯ ಕಾಲದಲ್ಲಿ ಇಲ್ಲಿ ಶೇಂಗಾ ಹಿಂಡಿ ಇರಲಿಲ್ಲ, ಕೆಂಪು ಖಾರವೂ ಇರಲಿಲ್ಲ. ಇಟಲಿಯವರ ಟೊಮೆಟೊ ಕಥೆಯೂ ಹೀಗೆಯೇ. ಆದ್ದರಿಂದ ನಾನು ಅಸಲಿ ಎನ್ನುವುದು ಊರಿನವರು ತಮ್ಮ ದುಡ್ಡು ಕೊಟ್ಟು, ತಮ್ಮ ಹಸಿವಿಗೆ, ದಿನಾ ಉಣ್ಣುವ ಊಟವನ್ನು. ಅದು ರೊಟ್ಟಿಯಾದರೂ ಸರಿ, ಬಿರಿಯಾನಿಯಾದರೂ ಸರಿ.

ಸ್ವಚ್ಛತೆಯ ಆಕ್ಷೇಪಕ್ಕೆ ಸುಲಭದ ಉತ್ತರವಿಲ್ಲ. ಕೆಲವು ಖಾನಾವಳಿಗಳಲ್ಲಿ ಕೈ ತೊಳೆಯುವ ಜಾಗ ನೋಡಿದರೆ ಹಸಿವು ಹಿಂಗಿಹೋಗುತ್ತದೆ. ಶೌಚಾಲಯ ಎಷ್ಟೋ ಕಡೆ ಇಲ್ಲವೇ ಇಲ್ಲ. ಮಕ್ಕಳನ್ನು ಕರೆದುಕೊಂಡು ಬಂದ ಹೆಣ್ಣುಮಗಳು ಎ.ಸಿ. ಹೋಟೆಲಿನ ಕಡೆ ನಡೆದರೆ ಆಕೆಯನ್ನು ದೂರುವ ಹಕ್ಕು ಯಾರಿಗೂ ಇಲ್ಲ. ಆದರೆ ಇದು ನಲ್ಲಿ, ಟೈಲ್ಸು, ಚರಂಡಿಯ ಮಾತು. ಮಹಾನಗರ ಪಾಲಿಕೆ, ಬ್ಯಾಂಕಿನ ಸಣ್ಣ ಸಾಲ ಸೇರಿದರೆ ತಿಂಗಳುಗಳಲ್ಲಿ ಬಗೆಹರಿಯುತ್ತದೆ. ಪಳಗಿದ ಕೈಯನ್ನು ತಿಂಗಳುಗಳಲ್ಲಿ ತಯಾರು ಮಾಡಲಾಗದು. ಖಾರ ಹೆಚ್ಚು ಎನ್ನುವವರಿಗೆ ಮೊಸರು, ಬೆಣ್ಣೆ ತಟ್ಟೆಯ ಪಕ್ಕದಲ್ಲೇ ಇರುತ್ತವೆ. ಹಿಂಡಿ ಬಡಿಸುವ ಮೊದಲು ಒಂದು ಮಾತು ಕೇಳಿದರಾಯಿತು. ಡಿಸೆಂಬರಿನಲ್ಲಿ ಶಾಲೆಯ ಬಸ್ಸುಗಳಿಂದ ಒಮ್ಮೆಲೇ ಇಳಿಯುವ ಐವತ್ತು ಅರವತ್ತು ಮಕ್ಕಳನ್ನು ಖಾನಾವಳಿಯ ನಾಲ್ಕು ಮೇಜು ತಾಳಲಾರವು, ಅದನ್ನು ಒಪ್ಪುತ್ತೇನೆ. ಅವರಿಗೆ ದೊಡ್ಡ ಹೋಟೆಲೇ ಸರಿ.

ನನ್ನನ್ನು ನಿಜವಾಗಿ ಕಾಡುವ ಆಕ್ಷೇಪ ಬೇರೆ. ಪ್ರವಾಸಿಗರಿಗೆ ದಾರಿ ತೋರಿಸಿದರೆ ಖಾನಾವಳಿಯೂ ವೆನಿಸ್‌ನ ದಾರಿ ಹಿಡಿಯುವುದಿಲ್ಲವೇ? ದರ ಏರಿ, ತಿಂಗಳ ಲೆಕ್ಕದ ಹುಡುಗರು ಬೀದಿಗೆ ಬೀಳುವುದಿಲ್ಲವೇ? ಭಯ ನಿಜ. ಇಲ್ಲಿನ ಸ್ಮಾರಕಗಳು 2014ರಿಂದ ಯುನೆಸ್ಕೊದ ತಾತ್ಕಾಲಿಕ ಪಟ್ಟಿಯಲ್ಲಿವೆ. ಇಂದಲ್ಲ ನಾಳೆ ಪ್ರವಾಸಿಗರು ಹೆಚ್ಚುತ್ತಾರೆ. ಹೆಚ್ಚಿದಾಗ ಅವರಿಗೆಂದೇ ಬೇರೆ ಊಟ, ಬೇರೆ ಬೆಲೆ, ಬೇರೆ ಬೀದಿ ಕಟ್ಟುತ್ತ ಹೋದರೆ ಬಾಡಿಗೆ ಏರುವುದು ಆ ಬೀದಿಯಿಂದಲೇ. ಊರಿನವರು ಕೂತ ಬೆಂಚಿನಲ್ಲೇ, ಅದೇ ದರಕ್ಕೆ ಅವರಿಗೂ ಬಡಿಸಿದರೆ ಮಾಲೀಕರು ಊರಿನ ಗಿರಾಕಿಗಳ ಕಣ್ಣಳತೆಯಲ್ಲೇ ಇರುತ್ತಾರೆ. ಹಂಗಾಮಿನಲ್ಲಿ ಬರುವವರು ಮೂರು ತಿಂಗಳು, ತಿಂಗಳ ಲೆಕ್ಕದವರು ಹನ್ನೆರಡು ತಿಂಗಳು. ಮೇ ತಿಂಗಳ ಉರಿಬಿಸಿಲಲ್ಲಿ ಇಬ್ರಾಹಿಂ ರೋಜಾ ಖಾಲಿ ಹೊಡೆಯುವಾಗ ಒಲೆ ಆರದಂತೆ ನೋಡಿಕೊಳ್ಳುವವರು ಯಾರೆಂದು ಖಾನಾವಳಿಯವರಿಗೆ ಚೆನ್ನಾಗಿ ಗೊತ್ತು. ಆ ನೆನಪು ಇರುವವರೆಗೆ ತಟ್ಟೆ ಕೆಡುವುದಿಲ್ಲ ಎಂದು ನನ್ನ ನಂಬಿಕೆ.

ಇದಕ್ಕೆ ಕೋಟಿಗಟ್ಟಲೆ ಖರ್ಚಿನ ‘ಆಹಾರ ಗ್ರಾಮ’ ಬೇಕಿಲ್ಲ. ಖಾನಾವಳಿಯ ಬಾಗಿಲಲ್ಲಿ ಒಂದು ಕರಿಹಲಗೆ ಸಾಕು: ಇಂದಿನ ಪಲ್ಲೆ ಯಾವುದು, ಒಂದು ಊಟಕ್ಕೆ ಎಷ್ಟು, ಹೆಚ್ಚಿನ ರೊಟ್ಟಿಗೆ ಎಷ್ಟು, ಕನ್ನಡದಲ್ಲಿ, ಕೆಳಗೆ ಹಿಂದಿ ಮತ್ತು ಇಂಗ್ಲಿಷಿನಲ್ಲಿ. ದರ ಎಲ್ಲರಿಗೂ ಕಾಣುವಂತಿದ್ದರೆ ಹೊರಗಿನವರಿಗೆ ಅಳುಕಿಲ್ಲ, ಒಳಗಿನವರಿಗೆ ಅನುಮಾನವಿಲ್ಲ. ಪ್ರವಾಸೋದ್ಯಮ ಇಲಾಖೆ ಸ್ಮಾರಕಗಳ ನಕ್ಷೆಯ ಹಿಂಬದಿಯಲ್ಲಿ ಶುಚಿಯಾದ ಖಾನಾವಳಿಗಳನ್ನು ಗುರುತಿಸಲಿ, ಜಮಖಂಡಿ ಕಡೆ ಹೋಗುವವರಿಗಾಗಿ ಬಬಲೇಶ್ವರದ್ದನ್ನೂ ಸೇರಿಸಲಿ. ಆಟೊದವರಿಗೆ ಪ್ರವಾಸಿಗರು ಕೇಳಬೇಕಾದ ಪ್ರಶ್ನೆಯೂ ಬದಲಾಗಲಿ. ‘ಒಳ್ಳೆ ಹೋಟೆಲ್ ಎಲ್ಲಿದೆ?’ ಎನ್ನುವ ಬದಲು ‘ನೀವು ಮಧ್ಯಾಹ್ನ ಎಲ್ಲಿ ಉಣ್ತೀರಿ?’ ಎಂದು ಕೇಳಲಿ. ಪ್ಯಾಕೇಜ್ ಪ್ರವಾಸದವರು ಊಟದ ಹೊತ್ತನ್ನು ಒಂದಿಷ್ಟು ಹಿಂದಕ್ಕೆ ತರಬೇಕು. ಎಲ್ಲ ಸ್ಮಾರಕ ಮುಗಿಸಿ ಮೂರು ಗಂಟೆಗೆ ಬಂದರೆ ಹಂಚು ಇಳಿಸಿ ಆಗಿರುತ್ತದೆ, ಖಡಕ್ ರೊಟ್ಟಿಯಷ್ಟೇ ಉಳಿದಿರುತ್ತದೆ. ಗುಮ್ಮಟವನ್ನು ಬೆಳಿಗ್ಗೆಯೇ ನೋಡಿ ಹನ್ನೆರಡೂವರೆಗೆ ಖಾನಾವಳಿಯ ಬೆಂಚಿಗೆ ಬಂದರೆ, ಬಾರಾ ಕಮಾನು, ಇಬ್ರಾಹಿಂ ರೋಜಾಗಳಿಗೆ ಸಂಜೆಯ ಬೆಳಕು ಸಿಗುತ್ತದೆ, ಉಬ್ಬಿದ ರೊಟ್ಟಿ ನೇರ ಹಂಚಿನಿಂದ ತಟ್ಟೆಗೆ ಬೀಳುತ್ತದೆ.