ಶಿಶುಮಗನ ಅರ್ಥಕ್ಕೆ ಅರ್ಧ ಗಂಟೆ

ಪಠ್ಯ ರೂಪಿಸುವ ಅಧ್ಯಯನ ಮಂಡಳಿಗೆ (ಬಿಓಎಸ್) ಹೆಸರು ಕೇಳಿ ಪತ್ರ ಬಂದರೆ ನಮ್ಮ ಕಾಲೇಜುಗಳಲ್ಲಿ ಎಲ್ಲರೂ ಹಿಂದೆ ಸರಿಯುತ್ತಾರೆ. ತರಗತಿ, ಮೌಲ್ಯಮಾಪನ, ನ್ಯಾಕ್ ಕಡತ, ಇದರ ಮೇಲೆ ಇದೊಂದು ಬೇರೆ ಯಾಕೆ ಅಂತ. ಕೊಡುವ ಟಿಎ, ಡಿಎ ಕೈಗೆ ಬರಲು ತಿಂಗಳುಗಳೇ ಬೇಕು. ಮೊನ್ನೆ ನಮ್ಮ ಚಾಮರಾಜನಗರ ಕಡೆಯ ಹರವೆಯ ಬಸ್‌ಸ್ಟಾಂಡಿನಲ್ಲಿ ಸಿಕ್ಕ ಕಿರಿಯ ಮೇಷ್ಟ್ರೊಬ್ಬರು, "ಬಿಓಎಸ್‌ಗೆ ನನ್ನ ಹೆಸರು ಹಾಕಿದ್ದಾರೆ ಮೇಡಂ, ಹೇಗಾದರೂ ತಪ್ಪಿಸಿಕೊಳ್ಳಬೇಕು" ಅಂದರು. ತಪ್ಪಿಸಿಕೊಳ್ಳಬೇಡಿ, ಹೋಗಿ ಅಂದೆ. ಬಸ್ಸು ಬಂದುಬಿಟ್ಟಿತು, ಕಾರಣ ಹೇಳಲಾಗಲಿಲ್ಲ. ಅದನ್ನು ಇಲ್ಲಿ ಹೇಳುತ್ತಿದ್ದೇನೆ.

ನಾನು ಸದಸ್ಯೆಯಾಗಿದ್ದಾಗ ಪದವಿ ತರಗತಿಯ ಕನ್ನಡ ಪಠ್ಯಕ್ಕೆ, ನಮ್ಮ ಕಡೆ ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದ ಒಂದು ಭಾಗ ಆಯ್ಕೆಯಾಗಿತ್ತು. ಬಸವಾಚಾರಿಯ ಕಿರಿಮಗ ಕೆಂಪಾಚಾರಿಯನ್ನು ಮಂಟೇಸ್ವಾಮಿ ತನಗೆ ಕೊಡು ಎಂದು ಕೇಳುವ ಭಾಗ. ಅವನೇ ಮುಂದೆ ಸಿದ್ದಪ್ಪಾಜಿಯಾಗಿ ಹಲಗೂರಿಗೆ ಕಬ್ಬಿಣದ ಭಿಕ್ಷೆಗೆ ಹೋಗುವವನು. ಕರಡಿನ ಕೊನೆಯಲ್ಲಿ ಕಠಿಣ ಪದಗಳ ಪಟ್ಟಿ. ಅಲ್ಲಿ 'ಶಿಶುಮಗ: ಎಳೆಯ ಮಗು' ಎಂದಿತ್ತು.

"ಸರ್, ನಮ್ಮ ಕಡೆ ಶಿಶುಮಗ ಅಂದರೆ ಎಳೆಮಗು ಅಲ್ಲ" ಅಂದೆ ಅಧ್ಯಕ್ಷರಿಗೆ.

"ಮತ್ತೇನಮ್ಮ, ನೀವೇ ಹೇಳಿ."

"ಗುರುವಿಗೆ ಒಪ್ಪಿಸಿದ ಮಗ ಸರ್. ಒಪ್ಪಿಸಿದ ಮೇಲೆ ಹೆತ್ತವರ ಹಕ್ಕು ಮುಗೀತು."

ನಿಘಂಟು ತೆಗೆಸಿದರು, ವಾದ ನಡೆಯಿತು. ಎಳೆಮಗು ಎಂದು ಓದಿದರೆ ಹೆತ್ತವರ ಸಂಕಟವೇ ಅರ್ಥವಾಗುವುದಿಲ್ಲ ಎಂದು ಹಿರಿಯರೊಬ್ಬರು ನನ್ನ ಪರ ನಿಂತರು. ಅರ್ಧ ಗಂಟೆಯ ಮೇಲೆ ಅಧ್ಯಕ್ಷರು ಕೆಂಪು ಪೆನ್ನಿನಲ್ಲಿ ಆ ಸಾಲನ್ನು ಹೊಡೆದು, ಪಕ್ಕದಲ್ಲಿ ಹೊಸದನ್ನು ಬರೆದರು. ಒಂದು ಪದಕ್ಕೆ ಅರ್ಧ ಗಂಟೆ! ನಾನು ಅಷ್ಟು ಶ್ರದ್ಧೆಯಿಂದ ಕೂತು ಓದಿದ್ದು ಎಂ.ಎ. ಮುಗಿದ ಮೇಲೆ ಅದೇ ಮೊದಲು.

ಅದೇ ಮೇಜಿನಲ್ಲಿ ಪಾಠ ಮಾಡುವುದನ್ನೂ ಕಲಿತೆ. ಹುಣಸೂರು ಕಡೆಯ ಉಪನ್ಯಾಸಕಿಯೊಬ್ಬರು ತಮ್ಮ ವಿದ್ಯಾರ್ಥಿಯ ನೋಟ್‌ಬುಕ್ ತಂದಿದ್ದರು. ಪಂಪನ ಪದ್ಯದ ಸಂಧಿಗಳನ್ನೆಲ್ಲ ಪೆನ್ಸಿಲ್ ಗೆರೆ ಎಳೆದು ಬಿಡಿಸಿದ್ದಳು ಆ ಹುಡುಗಿ. ಮರುವಾರದಿಂದ ನನ್ನ ತರಗತಿಯಲ್ಲೂ ಪೆನ್ಸಿಲ್ ಬಂತು.

ಇಂಥ ಮೇಜಿನ ತೀರ್ಮಾನಗಳು ದೂರ ಹೋಗುತ್ತವೆ. 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ಶುರುವಾಗಿದ್ದು 1927ರಲ್ಲಿ. ಕನ್ನಡ ನಾಡಿನ ವಿಶ್ವವಿದ್ಯಾನಿಲಯದಲ್ಲಿ ಕನ್ನಡಕ್ಕೆ ಹನ್ನೊಂದು ವರ್ಷ ಕಾಯಬೇಕಾಯಿತು. ಆಗ ರಿಜಿಸ್ಟ್ರಾರ್ ಆಗಿದ್ದವರು ಇಂಗ್ಲಿಷ್ ಪ್ರಾಧ್ಯಾಪಕ ಬಿ.ಎಂ.ಶ್ರೀ. ಆ ಎಂ.ಎ. ಓದಿ 1929ರಲ್ಲಿ ಹೊರಬಂದವರಲ್ಲಿ ಕುವೆಂಪು ಒಬ್ಬರು. ಸಭೆಯ ನಡಾವಳಿಯಲ್ಲಿ ಒಂದು ಸಾಲಾಗಿ ಮುಗಿಯುವ ತೀರ್ಮಾನ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಯೋಚಿಸುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಕೆಲಸ ಹೆಚ್ಚಾಗಿರುವುದೂ ನಿಜ. 2021-22ರಲ್ಲಿ ನಮ್ಮ ಕಾಲೇಜುಗಳಿಗೆ ರಾಷ್ಟ್ರೀಯ ಶಿಕ್ಷಣ ನೀತಿ ಬಂತು, ಪಠ್ಯಕ್ರಮ ಹೊಸದಾಯಿತು. 2024-25ಕ್ಕೆ ಆ ನೀತಿ ಬಿಟ್ಟು ಮತ್ತೆ ಮೂರು ವರ್ಷದ ಪದವಿ, ಮತ್ತೆ ಹೊಸ ಪಠ್ಯಕ್ರಮ. ಇಷ್ಟು ಅವಸರದಲ್ಲಿ ನಮ್ಮವರು ಅಲ್ಲಿರದಿದ್ದರೆ ಮೊದಲು ಬಿಟ್ಟುಹೋಗುವುದು ನಮ್ಮ ಭಾಗದ್ದೇ. ಮೈಸೂರು ವಿಶ್ವವಿದ್ಯಾನಿಲಯದ ಬೇಡರಪುರದ ಸ್ನಾತಕೋತ್ತರ ಕೇಂದ್ರ 2023ರಲ್ಲಿ ಚಾಮರಾಜನಗರ ವಿಶ್ವವಿದ್ಯಾಲಯವಾಯಿತು. ಎರಡೇ ವರ್ಷಕ್ಕೆ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ, ಹಳೆಯದರೊಳಗೆ ಸೇರಿಸುವ ಮಾತೂ ಬಂತು. ನಮ್ಮ ಚಾಮರಾಜನಗರದ್ದು ಉಳಿಯಲಿ ಎಂಬುದೇ ನನ್ನ ಆಸೆ. ಆದರೆ ಹೆಸರಿನ ಹಲಗೆ ಯಾವುದೇ ಇರಲಿ, ಪಾಠ ಆರಿಸುವ ಕಡೆ ಹರವೆ, ಗುಂಡ್ಲುಪೇಟೆ, ಕೊಳ್ಳೇಗಾಲದ ಮೇಷ್ಟ್ರು ಕೂತಿರಬೇಕು.

ಮಂಟೇಸ್ವಾಮಿ ಕಾವ್ಯದ ಭಾಗವಿದ್ದ ಆ ಪಠ್ಯ ಅಚ್ಚಾಗಿ ಬಂದ ವರ್ಷ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ, ಬಾಯಿಬಿಡದ ಹುಡುಗನೊಬ್ಬ ಪದಗಳ ಪಟ್ಟಿ ನೋಡಿ ಎದ್ದು ನಿಂತ. "ಮೇಡಂ, ನಮ್ಮಪ್ಪನೂ ಹಿಂಗೇ ಹೇಳದು." ಅವನಪ್ಪ ನೀಲಗಾರರು. ಬನದ ಹುಣ್ಣಿಮೆಗೆ ಚಿಕ್ಕಲ್ಲೂರು ಜಾತ್ರೆಗೆ ತಂಬೂರಿ ಹಿಡಿದು ಹೋಗುವವರು. ಮಗನ ಕೈಲಿ ಹೇಳಿ ಕಳಿಸಿದೆ, ಬಂದರು. ಬಿಳಿ ಪಂಚೆ, ಕೈಯಲ್ಲಿ ಗಗ್ಗರ. ಮೊದಲು ಪುಸ್ತಕ ಕೇಳಿ ಇಸಿದುಕೊಂಡು, ಓದಲು ಬಾರದಿದ್ದರೂ ಆ ಪುಟದ ಮೇಲೆ ಕೈಯಾಡಿಸಿದರು. ಆಮೇಲೆ ಹಾಡಿದರು. ಪುಟ ಸಾಲದೆಂದು ನಾವು ಕೈಬಿಟ್ಟಿದ್ದ ತಾಯಿಯ ಅಳುವನ್ನೂ ಬಿಡದೆ ಹಾಡಿದರು.

ಅದಷ್ಟನ್ನೂ ಬರೆದುಕೊಂಡೆ. ಮುಂದಿನ ಸಭೆಗೆ ಹೋಗುವಾಗ ಆ ಹಾಳೆಗಳು ನನ್ನ ಬ್ಯಾಗಿನಲ್ಲಿದ್ದವು.