ಅಭಿನಂದನೆಯ ಪುಟದಲ್ಲಿ ನಿಲ್ಲಬಾರದು

ಟಾಮ್‌ಕ್ಯಾಟ್ ಎಂಬ ಸರ್ವರ್ ತಂತ್ರಾಂಶವನ್ನು ಮೊದಲ ಬಾರಿ ತನ್ನ ಕಂಪ್ಯೂಟರಿನಲ್ಲಿ ಸ್ಥಾಪಿಸಿದ ವಿದ್ಯಾರ್ಥಿಗೆ ಆಗುವ ಸಂತೋಷ ಸಣ್ಣದಲ್ಲ. ತಂದುಕೊಂಡ ಫೈಲನ್ನು ಬಿಚ್ಚಿ, ಜಾವಾ ಎಲ್ಲಿದೆಯೆಂಬುದನ್ನು ತಿಳಿಸಿ, ಚಾಲನೆಯ ಆಜ್ಞೆಯನ್ನು ಕೊಟ್ಟು, ಬ್ರೌಸರಿನಲ್ಲಿ ೮೦೮೦ ಎಂಬ ಸಂಖ್ಯೆಯೊಡನೆ ವಿಳಾಸವನ್ನು ಬರೆದೊಡನೆ ಒಂದು ಪುಟ ತೆರೆದುಕೊಳ್ಳುತ್ತದೆ. ಈ ಪುಟ ನಿಮಗೆ ಕಾಣುತ್ತಿರುವುದಾದರೆ ಸ್ಥಾಪನೆ ಯಶಸ್ವಿಯಾಗಿದೆ, ಅಭಿನಂದನೆಗಳು ಎಂದು ಅದು ಸಾರುತ್ತದೆ. ಬಹುಮಂದಿ ವಿದ್ಯಾರ್ಥಿಗಳು ಇಲ್ಲಿಗೆ ಕೆಲಸ ಮುಗಿಯಿತೆಂದು ತಿಳಿದು ಮುಂದಿನ ಪಾಠಕ್ಕೆ ಹೋಗಿಬಿಡುತ್ತಾರೆ. ಆದರೆ ಅದೇ ಪುಟದಲ್ಲಿ, ಅಭಿನಂದನೆಯ ಕೆಳಗೆಯೇ, ಓದಬೇಕಾದ ಬರಹಗಳ ಒಂದು ಚಿಕ್ಕ ಪಟ್ಟಿಯೂ ಇದೆ; ಅದರಲ್ಲಿ ಮೊದಲನೆಯದು ಸುರಕ್ಷತೆಯನ್ನು ಕುರಿತದ್ದು. ಅದನ್ನು ತೆರೆದು ನೋಡುವವರು ವಿರಳ. ಕೆಲಸದ ಮುಖ್ಯಭಾಗ ಈ ಪುಟದ ಅನಂತರ ಇದೆಯೆಂದೂ, ಅದನ್ನು ಕಲಿಸದೆ ಬಿಡುವುದು ಶಿಕ್ಷಣದಲ್ಲಿ ದೊಡ್ಡ ಕೊರತೆಯೆಂದೂ ನಾವು ಇಲ್ಲಿ ವಾದಿಸಬಯಸುತ್ತೇವೆ.

ವಿಷಯಕ್ಕೆ ಹೊಸಬರಾದ ವಾಚಕರಿಗಾಗಿ ಒಂದೆರಡು ಮಾತುಗಳನ್ನು ಹೇಳಬೇಕು. ಪರೀಕ್ಷೆಯ ಫಲಿತಾಂಶವನ್ನು ತೋರಿಸುವ ಪ್ರೋಗ್ರಾಮೊಂದನ್ನು ಯಾರೋ ಜಾವಾ ಭಾಷೆಯಲ್ಲಿ ಬರೆದಿದ್ದಾರೆಂದು ಭಾವಿಸೋಣ. ಕ್ರಮಸಂಖ್ಯೆಯನ್ನು ಕೊಟ್ಟರೆ ಅಂಕಗಳನ್ನು ಹುಡುಕಿ ಕೊಡುವುದಷ್ಟೇ ಆ ಪ್ರೋಗ್ರಾಮಿನ ಕೆಲಸ. ಸಾವಿರಾರು ಮಂದಿಯ ಕೋರಿಕೆಗಳಿಗೆ ಕಿವಿಗೊಟ್ಟು ಕುಳಿತಿರುವುದು, ಪ್ರತಿಯೊಂದನ್ನೂ ಪ್ರೋಗ್ರಾಮಿಗೆ ಮುಟ್ಟಿಸುವುದು, ಉತ್ತರವನ್ನು ಕೇಳಿದವರಿಗೇ ತಲಪಿಸುವುದು, ನಡೆದುದನ್ನು ದಾಖಲೆ ಮಾಡಿಡುವುದು, ಇವೆಲ್ಲವೂ ಸರ್ವರಿನ ಪಾಲು. ಖಾನಾವಳಿಯಲ್ಲಿ ಅಡುಗೆಯವನು ಒಳಗೆ ಅಡುಗೆ ಮಾಡುತ್ತಾನೆ. ಬಂದವರನ್ನು ಕೂರಿಸಿ, ಕೇಳಿದುದನ್ನು ಒಳಗೆ ತಿಳಿಸಿ, ಸಿದ್ಧವಾದುದನ್ನು ತಂದು ಬಡಿಸುವ ವ್ಯವಸ್ಥೆ ಬೇರೆ. ಆ ವ್ಯವಸ್ಥೆ ಕೆಟ್ಟರೆ ಅಡುಗೆ ಎಷ್ಟು ಚೆನ್ನಾಗಿದ್ದರೂ ಉಂಡವರಿಗೆ ತೃಪ್ತಿಯಾಗದು.

ಜಾವಾ ಭಾಷೆಯನ್ನು ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆ ೧೯೯೫ರಲ್ಲಿ ಲೋಕಕ್ಕೆ ಪರಿಚಯಿಸಿತು. ಅದೇ ಸಂಸ್ಥೆಯಲ್ಲಿದ್ದ ಜೇಮ್ಸ್ ಡಂಕನ್ ಡೇವಿಡ್‌ಸನ್ ಎಂಬ ಎಂಜಿನಿಯರರು ಆರಂಭಿಸಿದ ಸರ್ವರೇ ಟಾಮ್‌ಕ್ಯಾಟ್. ೧೯೯೯ರಲ್ಲಿ ಅದು ಅಪಾಚೆ ಸಾಫ್ಟ್‌ವೇರ್ ಫೌಂಡೇಷನ್ನಿನ ವಶಕ್ಕೆ ಬಂದು, ಎಲ್ಲರಿಗೂ ಉಚಿತವಾಗಿ ದೊರೆಯುವಂತಾಯಿತು. ತನ್ನನ್ನು ತಾನೇ ನೋಡಿಕೊಳ್ಳಬಲ್ಲ ಪ್ರಾಣಿಯ ಹೆಸರಿರಲೆಂದು ಡೇವಿಡ್‌ಸನ್ನರು ಅದಕ್ಕೆ ಗಂಡುಬೆಕ್ಕಿನ ಹೆಸರನ್ನಿಟ್ಟರು. ಹೆಸರು ಸೊಗಸಾಗಿಯೇ ಇದೆ. ಆದರೆ ಈ ಬೆಕ್ಕು ಯಜಮಾನನ ಗಮನವಿಲ್ಲದೆ ತನ್ನನ್ನು ತಾನು ಪೂರ್ತಿಯಾಗಿ ನೋಡಿಕೊಳ್ಳಲಾರದು.

ಟಾಮ್‌ಕ್ಯಾಟಿನ ಫೋಲ್ಡರಿನೊಳಗೆ ಕಾನ್ಫ್ ಎಂಬ ಇನ್ನೊಂದು ಫೋಲ್ಡರಿದ್ದು, ಅದರಲ್ಲಿ ಸರ್ವರ್ ಡಾಟ್ ಎಕ್ಸ್‌ಎಂಎಲ್ ಎಂಬ ಫೈಲಿದೆ. ಸರ್ವರು ಹೇಗೆ ನಡೆದುಕೊಳ್ಳಬೇಕೆಂಬುದನ್ನು ಗೊತ್ತುಮಾಡುವುದು ಈ ಫೈಲೇ. ಯಾವ ಪೋರ್ಟಿನಲ್ಲಿ, ಎಂದರೆ ಯಾವ ಸಂಖ್ಯೆಯ ಬಾಗಿಲಿನಲ್ಲಿ, ಕೋರಿಕೆಗಳಿಗಾಗಿ ಕಾದಿರಬೇಕೆಂಬುದು ಅಲ್ಲಿ ಬರೆದಿದೆ. ಸಂಪರ್ಕ ಬೆಳೆಸಿ ಸುಮ್ಮನಿರುವವರಿಗಾಗಿ ೨೦,೦೦೦ ಮಿಲಿಸೆಕೆಂಡು, ಎಂದರೆ ೨೦ ಸೆಕೆಂಡು, ಕಾಯಬೇಕೆಂದೂ ಬರೆದಿದೆ. ಏಕಕಾಲದಲ್ಲಿ ಎಷ್ಟು ಕೋರಿಕೆಗಳನ್ನು ನಡೆಸಬೇಕೆಂಬುದನ್ನು ನಾವು ಹೇಳದೆ ಬಿಟ್ಟರೆ ಅದು ೨೦೦ ಎಂದು ಇಟ್ಟುಕೊಳ್ಳುತ್ತದೆ. ಟಾಮ್‌ಕ್ಯಾಟ್ ೯ರ ಫೈಲಿನಲ್ಲಿ ಇನ್ನೊಂದು ಸಾಲುಂಟು: ಅದೇ ಕಂಪ್ಯೂಟರಿನಲ್ಲಿರುವ ಯಾರಾದರೂ ೮೦೦೫ ಎಂಬ ಪೋರ್ಟಿಗೆ ಶಟ್‌ಡೌನ್ ಎಂಬ ಒಂದು ಪದವನ್ನು ಕಳಿಸಿದರೆ ಸಾಕು, ಸರ್ವರು ನಿಂತುಹೋಗುತ್ತದೆ.

ಹೀಗೆ ಮೊದಲೇ ಗೊತ್ತುಮಾಡಿಟ್ಟ ಬೆಲೆಗಳಿಗೆ ಡೀಫಾಲ್ಟುಗಳೆಂದು ಹೆಸರು. ಡೀಫಾಲ್ಟೆಂದರೆ ನಮ್ಮ ಪರವಾಗಿ ಬೇರೊಬ್ಬರು ಮಾಡಿದ ತೀರ್ಮಾನ. ಅದನ್ನು ಮಾಡಿದವರು ಬಲ್ಲವರೇ ಸರಿ. ಆದರೆ ನಮ್ಮ ಕಂಪ್ಯೂಟರಿನ ಶಕ್ತಿಯೆಷ್ಟು, ಅಲ್ಲಿ ಯಾವ ಪ್ರೋಗ್ರಾಮು ನಡೆಯುತ್ತದೆ, ಅದನ್ನು ಯಾರು ಬಳಸುತ್ತಾರೆ ಎಂಬುದು ಅವರಿಗೆ ತಿಳಿದಿರಲು ಸಾಧ್ಯವಿಲ್ಲ. ಸರ್ವರು ೨೦೦ ಕೋರಿಕೆಗಳನ್ನು ಒಳಗೆ ಬಿಟ್ಟುಕೊಂಡಿದೆ, ಆದರೆ ಅಂಕಗಳಿರುವ ಡೇಟಾಬೇಸು ಒಮ್ಮೆಗೆ ೨೦ ಸಂಪರ್ಕಗಳನ್ನು ಮಾತ್ರ ಕೊಡುತ್ತದೆ ಎಂದಿಟ್ಟುಕೊಳ್ಳೋಣ. ಉಳಿದ ೧೮೦ ಕೋರಿಕೆಗಳು ಒಳಗೇ ಕಾಯುತ್ತ ನಿಲ್ಲಬೇಕಾಗುತ್ತದೆ. ಫಲಿತಾಂಶದ ದಿನ ಪುಟ ತೆರೆಯದೆ ಹೋದಾಗ ಪ್ರೋಗ್ರಾಮು ಬರೆದವನನ್ನು ಜನ ದೂರುತ್ತಾರೆ. ನಿಜವಾದ ದೋಷ ಒಂದಕ್ಕೊಂದು ಹೊಂದದ ಎರಡು ಸಂಖ್ಯೆಗಳಲ್ಲಿರುತ್ತದೆ.

ತೊಂದರೆ ನಿಧಾನಕ್ಕೆ ಮಾತ್ರ ಸೀಮಿತವಾಗಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ೨೦೨೦ರ ಫೆಬ್ರುವರಿಯಲ್ಲಿ ಟಾಮ್‌ಕ್ಯಾಟಿನ ಒಂದು ದೋಷ ಬಯಲಿಗೆ ಬಂದಿತು. ಬೆಕ್ಕಿನ ಹೆಸರಿಗೆ ದೆವ್ವವನ್ನು ಸೇರಿಸಿ ಅದನ್ನು ಘೋಸ್ಟ್‌ಕ್ಯಾಟ್ ಎಂದು ಕರೆದರು. ಸಂಗತಿ ಹೀಗೆ: ಟಾಮ್‌ಕ್ಯಾಟಿನ ಮುಂದೆ ಬೇರೊಂದು ವೆಬ್ ಸರ್ವರನ್ನು ನಿಲ್ಲಿಸಿದಾಗ ಅವೆರಡೂ ತಮ್ಮೊಳಗೆ ಮಾತನಾಡಿಕೊಳ್ಳಲೆಂದು ಎಜೆಪಿ ಎಂಬ ಪದ್ಧತಿಯಿದೆ. ಅದಕ್ಕಾಗಿ ೮೦೦೯ ಎಂಬ ಪೋರ್ಟು ಮೀಸಲು. ಇದು ಮನೆಯವರಷ್ಟೇ ಓಡಾಡುವ ಹಿತ್ತಿಲ ಬಾಗಿಲಿದ್ದಂತೆ. ಅಲ್ಲಿ ಬಂದವರನ್ನು ಸರ್ವರು ಹೆಚ್ಚಾಗಿ ನಂಬುತ್ತಿತ್ತು. ಆದರೆ ಈ ಬಾಗಿಲು ಡೀಫಾಲ್ಟಾಗಿ ತೆರೆದೇ ಇದ್ದಿತು. ತನ್ನ ಕಂಪ್ಯೂಟರಿಗೆ ಮಾತ್ರವಲ್ಲದೆ, ಅದನ್ನು ತಲಪಬಲ್ಲ ಜಾಲಕ್ಕೆಲ್ಲ ತೆರೆದಿದ್ದಿತು. ಅಲ್ಲಿಂದ ಹೊಕ್ಕವನು ಪ್ರೋಗ್ರಾಮಿನ ಒಳಗಿನ ಫೈಲುಗಳನ್ನು ಓದಬಹುದಾಗಿತ್ತು. ಡೇಟಾಬೇಸಿನ ಪಾಸ್‌ವರ್ಡು ಇರುವುದು ಎಷ್ಟೋ ವೇಳೆ ಅಂಥ ಫೈಲುಗಳಲ್ಲಿಯೇ. ಹತ್ತು ವರ್ಷಗಳಿಗೂ ಮಿಕ್ಕಿದ ಅವಧಿಯ ಆವೃತ್ತಿಗಳಲ್ಲೆಲ್ಲ ಈ ದೋಷವಿದ್ದಿತು. ೯.೦.೩೧ನೆಯ ಆವೃತ್ತಿಯಲ್ಲಿ ಈ ಬಾಗಿಲನ್ನು ಡೀಫಾಲ್ಟಾಗಿ ಮುಚ್ಚಿದರು.

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶವೊಂದಿದೆ. ಎಜೆಪಿಯ ಅಗತ್ಯವೇ ಇಲ್ಲದ ಸರ್ವರುಗಳಲ್ಲಿಯೂ ಆ ಸಾಲು ಸುಮ್ಮನೆ ಉಳಿದುಕೊಂಡಿದ್ದಿತು. ಸ್ಥಾಪಿಸಿದ ದಿನವೇ ಫೈಲನ್ನು ಓದಿ, ಇದು ನಮಗೇಕೆ ಎಂದು ಕೇಳಿಕೊಂಡು, ಆ ಒಂದು ಸಾಲನ್ನು ತೆಗೆದುಹಾಕಿದವರಿಗೆ ಈ ದೋಷದಿಂದ ಅಪಾಯವಿರಲಿಲ್ಲ. ದೋಷವಿದೆಯೆಂದು ಅವರಿಗೂ ತಿಳಿದಿರಲಿಲ್ಲ. ಬೇಡದ ಬಾಗಿಲನ್ನು ಮುಚ್ಚುವ ಅಭ್ಯಾಸವೇ ಅವರನ್ನು ಕಾಯಿತು.

ಸ್ಥಾಪನೆ ಒಂದು ದಿನದ ಕೆಲಸವೂ ಅಲ್ಲ. ಅಮೆರಿಕದಲ್ಲಿ ಜನರ ಸಾಲದ ವಿವರಗಳನ್ನು ಸಂಗ್ರಹಿಸಿಡುವ ಈಕ್ವಿಫ್ಯಾಕ್ಸ್ ಸಂಸ್ಥೆಯ ಪ್ರಸಂಗ ಇದಕ್ಕೆ ಸಾಕ್ಷಿ. ಅದರ ಒಂದು ಜಾಲತಾಣ ಅಪಾಚೆ ಸ್ಟ್ರಟ್ಸ್ ಎಂಬ ಜಾವಾ ತಂತ್ರಾಂಶವನ್ನು ಆಧರಿಸಿದ್ದಿತು. ಸ್ಟ್ರಟ್ಸಿನ ದೋಷವೊಂದಕ್ಕೆ ೨೦೧೭ರ ಮಾರ್ಚಿನಲ್ಲಿಯೇ ಪರಿಹಾರ ಪ್ರಕಟವಾದರೂ ಆ ಜಾಲತಾಣದಲ್ಲಿ ಅದನ್ನು ಅಳವಡಿಸಲಿಲ್ಲ. ಮೇ ತಿಂಗಳಲ್ಲಿ ಕಳ್ಳರು ಹೊಕ್ಕರು. ಜಾಲದ ಸಂಚಾರವನ್ನು ಪರೀಕ್ಷಿಸುತ್ತಿರಬೇಕಾಗಿದ್ದ ಉಪಕರಣದ ಪ್ರಮಾಣಪತ್ರದ ಅವಧಿ ಮುಗಿದುಹೋಗಿದ್ದುದರಿಂದ ಜುಲೈ ಕೊನೆಯವರೆಗೆ ಈ ಕಳ್ಳತನ ಯಾರ ಕಣ್ಣಿಗೂ ಬೀಳಲಿಲ್ಲ. ಸುಮಾರು ೧೪ ಕೋಟಿ ೭೦ ಲಕ್ಷ ಜನರ ಖಾಸಗಿ ವಿವರಗಳು ಹೊರಗೆ ಹೋದವು. ಅಳವಡಿಸದೆ ಉಳಿದ ಒಂದು ಪರಿಹಾರ, ನವೀಕರಿಸದ ಒಂದು ಪ್ರಮಾಣಪತ್ರ: ಇವೆರಡೂ ದಿನನಿತ್ಯದ ನಿರ್ವಹಣೆಯ ಸಾಮಾನ್ಯ ಕೆಲಸಗಳು.

ಕೆಲವರು ಇದಕ್ಕೆ ಆಕ್ಷೇಪವೆತ್ತುವರು. ಈಗ ಸರ್ವರನ್ನು ಕೈಯಿಂದ ಸ್ಥಾಪಿಸುವವರು ಯಾರು? ಡಾಕರಿನಂಥ ಸಾಧನಗಳಿಂದ ಸಿದ್ಧವಾದ ಸರ್ವರನ್ನೇ ಒಂದು ಆಜ್ಞೆಯಿಂದ ತರಿಸಿಕೊಳ್ಳಬಹುದಲ್ಲ ಎಂದು ಅವರು ಕೇಳುತ್ತಾರೆ. ಸಿದ್ಧವಸ್ತುವನ್ನು ಬಳಸುವುದು ತಪ್ಪೆಂದು ನಾವು ಹೇಳುವುದಿಲ್ಲ. ಶ್ರಮ ಉಳಿಯುವುದು ಒಳ್ಳೆಯದೇ. ಆದರೆ ಆ ಸಿದ್ಧ ಸರ್ವರಿನ ಒಳಗಿರುವುದೂ ಅದೇ ಫೈಲು, ಅವೇ ಸಾಲುಗಳು. ಕಟ್ಟು ಬಿಚ್ಚದೆ ಬಳಸಿದುದರಿಂದ ಒಳಗಿನ ತೀರ್ಮಾನಗಳು ಬದಲಾಗುವುದಿಲ್ಲ. ಅವು ನಮ್ಮ ಕಣ್ಣಿಗೆ ಇನ್ನಷ್ಟು ದೂರವಾಗುತ್ತವೆ. ಒಮ್ಮೆಯಾದರೂ ಕೈಯಿಂದ ಮಾಡಿ ತಿಳಿದವನು ಮಾತ್ರ ಸಿದ್ಧವಸ್ತುವನ್ನು ವಿವೇಕದಿಂದ ಆರಿಸಿಕೊಳ್ಳಬಲ್ಲ.

ಅರ್ಥ ತಿಳಿಯದೆ ಆಜ್ಞೆಗಳನ್ನು ನಕಲು ಮಾಡುವುದರಿಂದ ಆಗುವ ತೊಂದರೆಗೆ ಇನ್ನೊಂದು ನಿದರ್ಶನವನ್ನು ನಾವೇ ಅನೇಕ ಸಲ ಕಂಡಿದ್ದೇವೆ. ಟಾಮ್‌ಕ್ಯಾಟ್ ೯ಕ್ಕಾಗಿ ಬರೆದ ಪ್ರೋಗ್ರಾಮನ್ನು ವಿದ್ಯಾರ್ಥಿ ಟಾಮ್‌ಕ್ಯಾಟ್ ೧೦ರಲ್ಲಿ ಇಡುತ್ತಾನೆ, ಅದು ನಡೆಯುವುದಿಲ್ಲ. ಆತ ಎಲ್ಲವನ್ನೂ ಅಳಿಸಿ ಮತ್ತೆ ಸ್ಥಾಪಿಸುತ್ತಾನೆ, ಆಗಲೂ ನಡೆಯುವುದಿಲ್ಲ. ೧೦ನೆಯ ಆವೃತ್ತಿಯಲ್ಲಿ ಜಾವಾಎಕ್ಸ್ ಎಂದು ಆರಂಭವಾಗುತ್ತಿದ್ದ ಮುಖ್ಯ ಹೆಸರುಗಳು ಜಕಾರ್ತಾ ಎಂದು ಬದಲಾಗಿವೆ, ಕಾರಣ ಇಷ್ಟೇ. ಲಾಗ್ಸ್ ಫೋಲ್ಡರಿನಲ್ಲಿ ಸರ್ವರು ಬರೆದಿಡುವ ದಾಖಲೆಯನ್ನು ಓದುವ ರೂಢಿಯಿದ್ದವನಿಗೆ ಇದರ ಸುಳಿವು ಬೇಗ ಸಿಕ್ಕುತ್ತದೆ. ಆ ರೂಢಿಯಿಲ್ಲದವನಿಗೆ ಎರಡು ದಿನ ಕಳೆದರೂ ಸಿಕ್ಕದು.

ಆದುದರಿಂದ ನಮ್ಮ ಸಲಹೆ ಇದು. ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ಲವಣವನ್ನು ಪರೀಕ್ಷಿಸುವಂತೆ, ಸರ್ವರಿನ ಸ್ಥಾಪನೆಯನ್ನೂ ಪ್ರಯೋಗವೆಂದು ಭಾವಿಸಿ ಕಲಿಸಬೇಕು. ಒಂದೇ ಕಂಪ್ಯೂಟರಿನಲ್ಲಿ ಎರಡು ಟಾಮ್‌ಕ್ಯಾಟುಗಳನ್ನು ಒಟ್ಟಿಗೆ ನಡೆಸಲು ಪ್ರಯತ್ನಿಸಲಿ. ಎರಡನೆಯದು ಏಕೆ ತಕರಾರು ಮಾಡಿತೆಂಬುದನ್ನು ದಾಖಲೆಯಲ್ಲಿ ಓದಿ, ಪೋರ್ಟುಗಳನ್ನು ಬದಲಾಯಿಸಿ ಎರಡನ್ನೂ ನಡೆಸಲಿ. ಹತ್ತು ಸೆಕೆಂಡು ತಡೆದು ಉತ್ತರಿಸುವ ಒಂದು ಪುಟವನ್ನು ಬರೆದು, ಏಕಕಾಲದ ಕೋರಿಕೆಗಳ ಮಿತಿಯನ್ನು ೨೦೦ರಿಂದ ೨ಕ್ಕೆ ಇಳಿಸಿ, ಆರು ಮಂದಿ ಸಹಪಾಠಿಗಳು ಒಟ್ಟಿಗೆ ಅದನ್ನು ಕೇಳಲಿ; ಮೂರನೆಯವನು ಎಷ್ಟು ಹೊತ್ತು ಕಾದನೆಂದು ಗಡಿಯಾರ ಹಿಡಿದು ಅಳೆಯಲಿ. ಕೊನೆಯಲ್ಲಿ ಸರ್ವರ್ ಡಾಟ್ ಎಕ್ಸ್‌ಎಂಎಲ್ ಫೈಲಿನ ಪ್ರತಿಯೊಂದು ಸಾಲಿನ ಎದುರಿಗೆ ಅದು ಏನು ಮಾಡುತ್ತದೆ, ನಮಗೆ ಬೇಕೆ ಬೇಡವೆ ಎಂಬುದನ್ನು ತನ್ನ ಮಾತಿನಲ್ಲಿ ಬರೆಯಲಿ. ಅಧ್ಯಾಪಕರು ಅಂಕ ಕೊಡುವುದು ಈ ಬರಹಕ್ಕಾಗಿರಲಿ, ತೆರೆದುಕೊಂಡ ಪುಟಕ್ಕಾಗಿ ಬೇಡ.

ಇದಕ್ಕೆ ಹಣದ ಖರ್ಚಿಲ್ಲ. ತಂತ್ರಾಂಶ ಉಚಿತ, ಅದರ ಕೈಪಿಡಿಯೂ ಉಚಿತ. ಬೇಕಾದುದು ತಾಳ್ಮೆ ಮಾತ್ರ. ಇಂದು ಕಾಲೇಜಿನಲ್ಲಿರುವ ನಮ್ಮ ವಾಚಕರಲ್ಲಿ ಕೆಲವರು ನಾಳೆ ಆಸ್ಪತ್ರೆಗಳ, ಬ್ಯಾಂಕುಗಳ, ವಿಶ್ವವಿದ್ಯಾಲಯಗಳ ಸರ್ವರುಗಳನ್ನು ನೋಡಿಕೊಳ್ಳುವವರಾಗುತ್ತಾರೆ. ಅಪರಿಚಿತರಾದ ಲಕ್ಷಾಂತರ ಜನರ ಗುಟ್ಟುಗಳು ಅವರ ಕೈಯಲ್ಲಿರುತ್ತವೆ. ಅಷ್ಟರೊಳಗಾಗಿ, ತಾವು ತೆರೆದಿಟ್ಟ ಬಾಗಿಲುಗಳೆಷ್ಟು, ಅವು ಯಾವುವು ಎಂದು ಯಾರಾದರೂ ಕೇಳಿದರೆ ತಡವರಿಸದೆ ಹೇಳಬಲ್ಲಷ್ಟನ್ನು ಅವರು ಕಲಿತಿರಬೇಕೆಂಬುದು ನಮ್ಮ ಅಪೇಕ್ಷೆ.