ಹೊಟ್ಟೆಯ ಹಸಿವೋ, ಮನಸ್ಸಿನ ಚಿಂತೆಯೋ?

 

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂದು ಹಿರಿಯರು ಹೇಳಿದ್ದಾರೆ. ಊಟಕ್ಕೂ ಮಾತಿಗೂ ಏನು ಸಂಬಂಧ ಎಂದು ನನಗೆ ಗೊತ್ತಿರಲಿಲ್ಲ. ಈ ವರ್ಷ ಗೊತ್ತಾಯಿತು.

ಗಣಿತದ ಕಿರುಪರೀಕ್ಷೆಯಲ್ಲಿ ನನಗೆ 25ಕ್ಕೆ 6 ಅಂಕ ಬಂತು. ಅಂಕಗಳನ್ನು ಎಲ್ಲರ ಮುಂದೆ ಓದಿದರು. ಕೆಲವರು ನಕ್ಕರು. ಬೆಲ್ ಹೊಡೆದ ಕೂಡಲೇ ಅಂಗಡಿಗೆ ಓಡಿ ಐದು ರೂಪಾಯಿಯ ಖಾರದ ಪ್ಯಾಕೆಟ್ ತಿಂದೆ. ತಿನ್ನೋವಾಗ ಏನೋ ಸಮಾಧಾನ. ಪ್ಯಾಕೆಟ್ ಖಾಲಿಯಾದ ಮೇಲೆ ಮತ್ತೆ ಅದೇ 6. ಮಾರನೇ ದಿನ ಎರಡು ಪ್ಯಾಕೆಟ್ ತಿಂದೆ. ಕೊನೆಗೆ ಅವ್ವನ ಸಾಸಿವೆ ಡಬ್ಬಿಯಿಂದ ಕೇಳದೆ ದುಡ್ಡು ತೆಗೆದು ಸಿಕ್ಕಿಬಿದ್ದೆ. ಅಪ್ಪ "ಕಳ್ಳಿ" ಅಂದರು. ಅಜ್ಜಿ ಮಾತ್ರ, "ಹಸಿದಿದ್ರೆ ಮುದ್ದೆ ಉಣ್ತಿದ್ದೆ. ಮುದ್ದೆ ಬ್ಯಾಡ, ಪ್ಯಾಕೆಟ್ಟೇ ಬೇಕು ಅಂದ್ರೆ ಇದು ಹಸಿವಲ್ಲ. ಏನಾಯ್ತು ಮಗಾ?" ಎಂದು ಕೇಳಿದರು. ಅಲ್ಲೇ ಅತ್ತುಬಿಟ್ಟೆ.

ಅಜ್ಜಿ ಹೇಳಿದ್ದು ವಿಜ್ಞಾನಕ್ಕೂ ಒಪ್ಪುತ್ತದೆ. ನಮ್ಮ ಮೂತ್ರಪಿಂಡಗಳ ಮೇಲೆ ಅಡ್ರಿನಲ್ ಗ್ರಂಥಿಗಳಿವೆ. ಹೆದರಿಕೆಯಾದಾಗ ಅಲ್ಲಿಂದ ಅಡ್ರಿನಲಿನ್ ಬಂದು ಎದೆ ಡವಡವ ಎನ್ನುತ್ತದೆ, ಆಗ ಹಸಿವು ಅಡಗುತ್ತದೆ. ಆದರೆ ಚಿಂತೆ ದಿನಗಟ್ಟಲೆ ಉಳಿದರೆ ಕಾರ್ಟಿಸಾಲ್ ಎಂಬ ರಸ ಹೆಚ್ಚಿ, ಸಿಹಿ ಮತ್ತು ಕರಿದ ತಿಂಡಿಯ ಆಸೆ ಜಾಸ್ತಿಯಾಗಬಹುದು. ಎಲ್ಲರಿಗೂ ಹೀಗೇ ಅಂತಲ್ಲ, ಕೆಲವರಿಗೆ ಊಟವೇ ಸೇರುವುದಿಲ್ಲ.

ಅಂಗಡಿಯದೇ ತಪ್ಪು ಎಂದು ಕೆಲವರು ಹೇಳುತ್ತಾರೆ. ಉಪ್ಪು, ಸಕ್ಕರೆ, ಕೊಬ್ಬು ಹೆಚ್ಚಿರುವ ತಿಂಡಿಗಳನ್ನು ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಮಾರಬಾರದು ಎಂದು 2020ರಲ್ಲಿ ನಿಯಮ ಬಂದಿದೆ. ಅದು ಒಳ್ಳೆಯದೇ. ಆದರೆ ನಾವು 51ನೇ ಮೀಟರಿಗೆ ಓಡ್ತೀವಿ. ಅಂಗಡಿ ಮುಚ್ಚಿದರೂ ನನ್ನ 6 ಮುಚ್ಚುವುದಿಲ್ಲವಲ್ಲ!

ಆದ್ದರಿಂದ ಗೆಳೆಯರೇ, ಪ್ಯಾಕೆಟ್ ಕೊಳ್ಳುವ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ಈಗ ಬಿಸಿಯೂಟದ ಅನ್ನ ಸಾರು ಕೊಟ್ಟರೆ ತಿಂತೀನಾ? ತಿಂತೀನಿ ಅಂದರೆ ಹಸಿವು, ಹೊಟ್ಟೆ ತುಂಬ ಊಟ ಮಾಡಿ. ಬೇಡ ಅನಿಸಿದರೆ ಅದು ಚಿಂತೆ ಇರಬಹುದು. ನೀರು ಕುಡಿದು ಮೈದಾನ ಒಂದು ಸುತ್ತು ಓಡಿ, ಆಮೇಲೆ ಯಾರಿಗಾದರೂ ಹೇಳಿ. ಜಾಸ್ತಿ ತಿನ್ನುವವರನ್ನು "ಹೊಟ್ಟೆಬಾಕ" ಎಂದು ಆಡಿಕೊಳ್ಳಬೇಡಿ. ಮನೆಯಲ್ಲೂ ಶಾಲೆಯಲ್ಲೂ ಹೇಳಲು ಆಗದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ಮನಸ್ಸಿನ ಕಷ್ಟಕ್ಕೆ 2022ರಲ್ಲಿ ಶುರುವಾದ ಟೆಲಿ ಮಾನಸ್ 14416 ಇದೆ. ಎರಡಕ್ಕೂ ದುಡ್ಡು ಬೇಡ.

ಗುರುಗಳಲ್ಲಿ ಒಂದು ವಿನಂತಿ. ನಮ್ಮ ಅಂಕಗಳನ್ನು ದಯವಿಟ್ಟು ಎಲ್ಲರ ಮುಂದೆ ಓದಬೇಡಿ. ಉತ್ತರ ಪತ್ರಿಕೆಯನ್ನು ಕೈಗೆ ಕೊಡಿ. ಬೈಯುವುದಿದ್ದರೆ ಹತ್ತಿರ ಕರೆದು ಬೈಯಿರಿ, ಕೇಳಿಸಿಕೊಳ್ಳುತ್ತೇವೆ. ಕಡಿಮೆ ಅಂಕ ಬಂದವರಿಗೆ ಮೊದಲೇ ನಾಚಿಕೆ ಇರುತ್ತದೆ.

ಆಮೇಲೆ ಅಕ್ಕ ದಿನಾ ಸಂಜೆ ಭಿನ್ನರಾಶಿ ಹೇಳಿಕೊಟ್ಟಳು. ಮುಂದಿನ ಪರೀಕ್ಷೆಯಲ್ಲಿ 11 ಬಂತು. ಜಾಸ್ತಿ ಏನಲ್ಲ. ಆದರೆ ಆ ದಿನ ನಾನು ಅಂಗಡಿಗೆ ಹೋಗಲಿಲ್ಲ. ಅವ್ವನ ಡಬ್ಬಿಗೆ ಇನ್ನೂ 15 ರೂಪಾಯಿ ಹಾಕುವುದು ಬಾಕಿ ಇದೆ.

ಇದು ನನ್ನ ಅಭಿಪ್ರಾಯ. ತಪ್ಪಿದ್ದರೆ ದೊಡ್ಡವರು ಕ್ಷಮಿಸಬೇಕು.

– 7ನೇ ತರಗತಿಯ ವಿದ್ಯಾರ್ಥಿನಿ